ಕೈ ಬರಿದಾದ ದಿನಗಳಲ್ಲಿ ಡಾಕ್ಟರ್ ಜಾನ್ಸನ್

ಮೊನ್ನೆ ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಎಂ.ಎ. ಮುಗಿಸಿ ಏಳೆಂಟು ವರ್ಷಗಳಾದುವು. ಯಾವ ಕಚೇರಿಯನ್ನೂ ಸೇರದೆ ಮನೆಯಲ್ಲಿಯೇ ಕುಳಿತು ಇಂಗ್ಲಿಷಿನಿಂದ ಕನ್ನಡಕ್ಕೆ ಭಾಷಾಂತರ ಮಾಡಿಕೊಡುವುದು ಅವನ ಜೀವನೋಪಾಯ. ಔಷಧದ ಪೆಟ್ಟಿಗೆಯೊಳಗಿನ ಚೀಟಿ, ಬ್ಯಾಂಕಿನ ಸಾಲದ ಕರಾರು, ಮಕ್ಕಳ ಕಥೆ, ಯಾವುದಾದರೂ ಸರಿಯೆ. ಪದಕ್ಕಿಷ್ಟು ಎಂದು ಲೆಕ್ಕ. ಕೆಲಸ ಬಂದಾಗ ರಾತ್ರಿಯೆಲ್ಲ ದೀಪ ಉರಿಯುತ್ತದೆ. ಬಾರದಿದ್ದಾಗ ತಿಂಗಳುಗಟ್ಟಲೆ ಬಾರದು. ಈಗ ಅಂಥ ಒಂದು ಕಾಲ. ಕಾಫಿ ಕುಡಿದು ಲೋಟವನ್ನು ಕೆಳಗಿಡುತ್ತ ಅವನು ಹೇಳಿದ: “ಕೆಲಸ ಇಲ್ಲ ಅನ್ನೋದು ದೊಡ್ಡ ಕಷ್ಟ ಅಲ್ಲ ಸಾರ್. ಮನೇಲಿ ಕೂತಿರ್ತೀನಲ್ಲ, ಎಲ್ಲರ ಕಣ್ಣಿಗೂ ಬಿಡುವಾಗಿದ್ದೀನಿ ಅಂತ ಕಾಣುತ್ತೆ. ಗ್ಯಾಸಿನವನು ಬಂದರೆ ನಾನು, ರೇಷನ್ನಿಗೆ ನಾನು, ಅತ್ತೆಯವರನ್ನು ಡಾಕ್ಟರ ಹತ್ತಿರ ಕರಕೊಂಡು ಹೋಗೋದಕ್ಕೆ ನಾನು. ಸಾಯಂಕಾಲ ಆದಮೇಲೆ ಇವತ್ತು ಏನು ಮಾಡಿದೆ ಅಂತ ನೋಡಿಕೊಂಡರೆ ಏನೂ ಇಲ್ಲ.” ಅವನ ಮಾವ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸವನ್ನು ನೋಡಿಟ್ಟಿದ್ದಾರಂತೆ. ಗೌರೀ ಹಬ್ಬದೊಳಗೆ ಉತ್ತರ ಹೇಳಬೇಕು.

ಮೇಷ್ಟರಾದವರಿಗೆ ಇಂಥ ಸಮಯದಲ್ಲಿ ಬಾಯಿ ಸುಮ್ಮನಿರದು. ನಾನು ಡಾಕ್ಟರ್ ಜಾನ್ಸನ್ನನ ಹೆಸರನ್ನೆತ್ತಿದೆ. ಲಂಡನ್ನಿನ ಒಂದು ಅಟ್ಟದಲ್ಲಿ ಕುಳಿತು, ರಾಜಾಶ್ರಯವಿಲ್ಲದೆ, ವಿಶ್ವವಿದ್ಯಾಲಯದ ಬೆಂಬಲವಿಲ್ಲದೆ, ಪುಸ್ತಕದ ಅಂಗಡಿಯವರ ಕೂಲಿಯನ್ನು ಮಾತ್ರ ನಂಬಿ ಇಂಗ್ಲಿಷ್ ಭಾಷೆಗೆ ನಿಘಂಟನ್ನು ಕಟ್ಟಿದವನು ಆತ. ಒಂದು ದಿನವನ್ನೂ ಹಾಳುಮಾಡದ ಮಹಾಶ್ರಮಜೀವಿ. ಅವನನ್ನು ನೋಡಿ ಕಲಿ, ಎಂದು ಸೊಗಸಾಗಿ ಹೇಳಿಬಿಟ್ಟೆ. ಹುಡುಗ ತಲೆದೂಗಿ ಹೋದ. ಅವನು ಹೋದಮೇಲೆ ಮನಸ್ಸಿಗೆ ಏನೋ ಚುಚ್ಚಿದಂತಾಗಿ ಬಾಸ್ವೆಲ್ಲನ ಗ್ರಂಥವನ್ನು ಕಪಾಟಿನಿಂದ ತೆಗೆದೆ. ಸಂಜೆಯ ಹೊತ್ತಿಗೆ ನನಗೆ ನಾಚಿಕೆಯಾಯಿತು. ನಾನು ಹೇಳಿದುದರಲ್ಲಿ ಅಟ್ಟವೊಂದು ನಿಜ, ಕೂಲಿಯೊಂದು ನಿಜ. ಒಂದು ದಿನವನ್ನೂ ಹಾಳುಮಾಡಲಿಲ್ಲವೆಂಬುದು ಶುದ್ಧ ಸುಳ್ಳು. ಆ ತಪ್ಪನ್ನು ತಿದ್ದಿಕೊಳ್ಳುವುದಕ್ಕಾಗಿಯೇ ಈ ಬರೆಹ.

ಸ್ಯಾಮ್ಯುಅಲ್ ಜಾನ್ಸನ್ 1709ರಲ್ಲಿ ಲಿಚ್‌ಫೀಲ್ಡ್ ಎಂಬ ಊರಿನಲ್ಲಿ ಒಬ್ಬ ಪುಸ್ತಕ ವ್ಯಾಪಾರಿಯ ಮಗನಾಗಿ ಹುಟ್ಟಿದ. ಶಾಲೆಯನ್ನು ಬಿಟ್ಟು ಆಕ್ಸ್‌ಫರ್ಡನ್ನು ಸೇರುವ ಮುನ್ನ ಎರಡು ವರ್ಷ ಮನೆಯಲ್ಲಿಯೇ ಉಳಿದ. ತಂದೆಯ ಅಂಗಡಿಯಲ್ಲಿ ಕೈಗೆಲಸ ಕಲಿಯಬೇಕಾಗಿದ್ದಿತು, ಕಲಿಯಲಿಲ್ಲ. ಒಂದು ಸಲ ತಮ್ಮನು ದೊಡ್ಡ ಪುಸ್ತಕವೊಂದರ ಹಿಂದೆ ಸೇಬುಹಣ್ಣನ್ನು ಬಚ್ಚಿಟ್ಟಿದ್ದಾನೆಂದು ಊಹಿಸಿ, ಮೇಲಿನ ಹಲಗೆಗೆ ಏಣಿ ಹಾಕಿ ಹತ್ತಿದ. ಹಣ್ಣು ಸಿಕ್ಕಲಿಲ್ಲ. ಪುಸ್ತಕ ಇಟಲಿಯ ಪೆಟ್ರಾರ್ಕನದಾಗಿತ್ತು. ಆ ಹೆಸರನ್ನು ಎಲ್ಲಿಯೋ ಕೇಳಿದ್ದ ಹುಡುಗ ಕುಳಿತು ಅದರ ಬಹುಭಾಗವನ್ನು ಓದಿ ಮುಗಿಸಿದ. ಆ ಎರಡು ವರ್ಷಗಳ ಓದೆಲ್ಲ ಹೀಗೆಯೇ, ಹಣ್ಣು ಹುಡುಕಲು ಹೋಗಿ ಸಿಕ್ಕಿದ್ದು. ತಂದೆಯ ಕಣ್ಣಿಗೆ ಅವನು ಖಾಲಿ ಕುಳಿತವನೇ ಸರಿ. ಆದರೆ 1728ರಲ್ಲಿ ಆಕ್ಸ್‌ಫರ್ಡಿಗೆ ಹೋದ ಮೊದಲ ಸಂಜೆ ಈ ಹುಡುಗ ಮಾತಿನ ನಡುವೆ ಮ್ಯಾಕ್ರೋಬಿಯಸ್ ಎಂಬ ಅಪರೂಪದ ಲ್ಯಾಟಿನ್ ಗ್ರಂಥಕಾರನನ್ನು ಉದ್ಧರಿಸಿದಾಗ ಅಧ್ಯಾಪಕರು ಬೆರಗಾದರು. ಹದಿನೆಂಟು ವರ್ಷಗಳ ತರುವಾಯ ನಿಘಂಟಿಗೆ ಕೈಹಾಕಿದವನ ಬಂಡವಾಳದಲ್ಲಿ ಆ ಅಂಗಡಿಯ ಅಟ್ಟಣಿಗೆಯ ಪಾಲು ಕಡಿಮೆಯದಲ್ಲ.

ಆಕ್ಸ್‌ಫರ್ಡಿನ ಓದು ಹಣವಿಲ್ಲದೆ ಸುಮಾರು ಒಂದು ವರ್ಷಕ್ಕೆ ನಿಂತಿತು. ಪದವಿಯಿಲ್ಲದೆ ಊರಿಗೆ ಹಿಂತಿರುಗಿದವನಿಗೆ ಘೋರವಾದ ಮನೋವ್ಯಾಧಿ ಹಿಡಿಯಿತು. ಅದನ್ನು ಬಿಡಿಸಿಕೊಳ್ಳುವುದಕ್ಕಾಗಿ ಬರ್ಮಿಂಗ್‌ಹ್ಯಾಮಿಗೆ ನಡೆದು ಹೋಗಿ ಮತ್ತೆ ನಡೆದು ಬರುತ್ತಿದ್ದನಂತೆ. ಮೂವತ್ತು ಮೈಲಿಗೆ ಕಡಿಮೆಯಿಲ್ಲದ ದಾರಿ! 1733ರಲ್ಲಿ ಅದೇ ಬರ್ಮಿಂಗ್‌ಹ್ಯಾಮಿನಲ್ಲಿ, ಶಾಲೆಯ ಗೆಳೆಯ ಹೆಕ್ಟರನ ಆಶ್ರಯದಲ್ಲಿದ್ದಾಗ, ಅವನಿಗೆ ಮೊದಲನೆಯ ಪುಸ್ತಕದ ಕೆಲಸ ಸಿಕ್ಕಿತು. ಲೋಬೋ ಎಂಬ ಪೋರ್ಚುಗೀಸ್ ಪಾದ್ರಿ ಅಬಿಸೀನಿಯದಲ್ಲಿ ಮಾಡಿದ ಪ್ರವಾಸದ ಕಥೆಯನ್ನು ಫ್ರೆಂಚಿನಿಂದ ಇಂಗ್ಲಿಷಿಗೆ ಇಳಿಸಬೇಕು. ಸ್ವಲ್ಪ ಭಾಗವನ್ನು ಮಾಡಿಕೊಟ್ಟ. ಅಷ್ಟರಲ್ಲಿ ಹಳೆಯ ಜಡತೆ ಮತ್ತೆ ಕವಿಯಿತು. ಹಾಸಿಗೆ ಬಿಟ್ಟು ಏಳಲೊಲ್ಲ. ಗೆಳೆಯನಿಗೆ ಇವನ ಗುಣ ಗೊತ್ತಿತ್ತು. ಕೀರ್ತಿ, ಹಣ, ಕರ್ತವ್ಯ ಇವುಗಳ ಮಾತನ್ನು ಎತ್ತಲೇ ಇಲ್ಲ. ಈ ಪುಸ್ತಕ ಮುಗಿಯುವವರೆಗೆ ಅಚ್ಚಿನವನು ಬೇರೆ ಕೆಲಸವನ್ನು ಹಿಡಿಯುವಂತಿಲ್ಲ, ಅವನೂ ಅವನ ಮನೆಯವರೂ ಕಷ್ಟದಲ್ಲಿದ್ದಾರೆ ಎಂದಷ್ಟೇ ಹೇಳಿದ. ಜಾನ್ಸನ್ನನು ಮಲಗಿದಲ್ಲಿಂದ ಏಳಲಿಲ್ಲ. ಆದರೆ ಆ ದಪ್ಪ ಪುಸ್ತಕವನ್ನು ಎದೆಯ ಮುಂದೆ ತೆರೆದಿಟ್ಟುಕೊಂಡು ಬಾಯಲ್ಲಿ ಹೇಳುತ್ತ ಹೋದ, ಹೆಕ್ಟರ್ ಬರೆದುಕೊಳ್ಳುತ್ತ ಹೋದ. ಹೀಗೆ ಪುಸ್ತಕ ಮುಗಿದು 1735ರಲ್ಲಿ ಪ್ರಕಟವಾಯಿತು. ಸಿಕ್ಕ ಕೂಲಿ 5 ಗಿನಿ. (ಗಿನಿಯೆಂದರೆ 21 ಷಿಲಿಂಗು, ಪೌಂಡಿಗಿಂತ ಒಂದು ಷಿಲಿಂಗು ಹೆಚ್ಚು.)

ಈ ಪ್ರಸಂಗವನ್ನು ನಾನು ಹಿಂದೆ ಎಷ್ಟೋ ಸಲ ಓದಿದ್ದೆ. ಹಾಸ್ಯಕ್ಕೆಂದು ತರಗತಿಯಲ್ಲಿ ಹೇಳಿಯೂ ಇದ್ದೆ. ಈ ಸಲ ಓದುವಾಗ ನಗು ಬರಲಿಲ್ಲ. ಏಕೆಂದರೆ ನಾನೂ ಕಾಯಂ ಉಪನ್ಯಾಸಕನಾಗುವ ಮೊದಲು ಆರು ವರ್ಷ ‘ಅತಿಥಿ ಉಪನ್ಯಾಸಕ’ನಾಗಿದ್ದವನು. ಅತಿಥಿ! ಎಂಥ ಗೌರವದ ಹೆಸರು! ಆದರೆ ಕಾಲೇಜಿಗೆ ರಜಾ ಬಂದ ಕೂಡಲೇ ಅತಿಥಿಯ ಎಲೆ ಎತ್ತಿಬಿಡುತ್ತಾರೆ. ಬೇಸಗೆಯ ತಿಂಗಳುಗಳಲ್ಲಿ ಸಂಬಳವಿಲ್ಲ. ಆಗ ನಾನು ಒಬ್ಬ ಪ್ರಕಾಶಕರಿಗೆ ಮನೆಯಲ್ಲಿ ಕುಳಿತು ಕರಡಚ್ಚು ತಿದ್ದಿಕೊಡುತ್ತಿದ್ದೆ, ಪುಟಕ್ಕಿಷ್ಟರಂತೆ. ಕರಡು ಬಂದರೆ ಬಂದಿತು, ಇಲ್ಲದಿದ್ದರೆ ಇಲ್ಲ. ಬಾರದ ದಿನಗಳಲ್ಲಿ ನಾನು ಮಾಡಿದ ಘನಕಾರ್ಯಗಳು ಇವು: ಪುಸ್ತಕಗಳನ್ನು ಒಮ್ಮೆ ಲೇಖಕರ ಅಕಾರಾದಿಯಲ್ಲಿಯೂ, ಇನ್ನೊಮ್ಮೆ ವಿಷಯವಾರಾಗಿಯೂ, ಮೂರನೆಯ ಸಲ ಎತ್ತರದ ಮೇರೆಗೂ ಜೋಡಿಸಿದ್ದು, ದಿನಚರಿಯ ಪಟ್ಟಿಯನ್ನು ಕೆಂಪು ಮಸಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದು, ಮಧ್ಯಾಹ್ನ ಮೂರು ಗಂಟೆಗೆ ಎದ್ದು ಅದನ್ನು ನೋಡಿದ್ದು. ಒಂದು ವರ್ಷ ಮಾತ್ರ, ಬೇರೇನೂ ತೋಚದೆ, ರಾಘವಾಂಕನ ಹರಿಶ್ಚಂದ್ರಕಾವ್ಯದಿಂದ ನನಗೆ ತಿಳಿಯದ ಮಾತುಗಳನ್ನೆಲ್ಲ ಹಳೆಯ ಕರಡಿನ ಬೆನ್ನಿನ ಮೇಲೆ ಗುರುತುಹಾಕಿಕೊಳ್ಳುತ್ತ ಬಂದೆ. ಯಾರೂ ಕೇಳಿದ ಕೆಲಸವಲ್ಲ. ಆ ಚೀಟಿಗಳು ಈಗಲೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿವೆ. ಇವತ್ತಿಗೂ ಪಾಠ ಹೇಳುವಾಗ ಅದೇ ಡಬ್ಬಿಗೆ ಕೈಹಾಕುತ್ತೇನೆ.

ಇರಲಿ. ಜಾನ್ಸನ್ನನು ಮದುವೆಯಾಗಿ, ಒಂದು ಶಾಲೆಯನ್ನು ತೆರೆದು, ಅದು ಬೆರಳೆಣಿಕೆಯ ಹುಡುಗರಿಂದ ನಡೆಯಲಾರದೆ ಮುಚ್ಚಿದಮೇಲೆ, 1737ರಲ್ಲಿ ಲಂಡನ್ನಿಗೆ ಹೊರಟ. ಜೊತೆಗೆ ಬಂದವನು ಅವನದೇ ಶಿಷ್ಯ, ಮುಂದೆ ಮಹಾನಟನೆನಿಸಿದ ಗ್ಯಾರಿಕ್. ಲಂಡನ್ನಿನಲ್ಲಿ ಎಡ್ವರ್ಡ್ ಕೇವ್ ಎಂಬಾತ ನಡೆಸುತ್ತಿದ್ದ ‘ಜಂಟಲ್‌ಮನ್ಸ್ ಮ್ಯಾಗಝೀನ್’ ಎಂಬ ಮಾಸಪತ್ರಿಕೆಗೆ ಎಲ್ಲ ತರದ ಬಿಡಿಗೆಲಸವನ್ನೂ ಮಾಡಿದ. ಪಾರ್ಲಿಮೆಂಟಿನ ಚರ್ಚೆಗಳನ್ನು ಅಚ್ಚುಹಾಕುವುದು ಆಗ ಅಪರಾಧವಾದ್ದರಿಂದ ಅವು ‘ಲಿಲಿಪುಟ್ಟಿನ ಸಭೆ’ಯ ಚರ್ಚೆಗಳೆಂಬ ವೇಷದಲ್ಲಿ ಬರುತ್ತಿದ್ದುವು, ಸಭೆಗೆ ಕಾಲಿಡದೆ, ಯಾರೋ ತಂದುಕೊಟ್ಟ ಚೂರುಪಾರು ಟಿಪ್ಪಣಿಗಳಿಂದ ಜಾನ್ಸನ್ನನು ಕೋಣೆಯಲ್ಲಿ ಕುಳಿತು ಮಂತ್ರಿಗಳ ಭಾಷಣಗಳನ್ನು ರಚಿಸುತ್ತಿದ್ದ. 1744ರಲ್ಲಿ ಗೆಳೆಯ ಸ್ಯಾವೇಜನ ಜೀವನಚರಿತ್ರೆಯನ್ನು ಬರೆದ. ಅಚ್ಚಿನ 48 ಪುಟಗಳಷ್ಟನ್ನು ಒಂದೇ ಪಟ್ಟಿಗೆ, ರಾತ್ರಿಯೆಲ್ಲ ಕುಳಿತು ಬರೆದನಂತೆ. ಸಿಕ್ಕಿದ್ದು 15 ಗಿನಿ. ಅದನ್ನು ಓದಿ ಮೆಚ್ಚಿದ ಹಾರ್ಟ್ ಎಂಬಾತ ಕೇವನ ಮನೆಯ ಊಟದಲ್ಲಿ ಹೊಗಳುತ್ತಿದ್ದಾಗ, ಜಾನ್ಸನ್ನನು ಹರಕು ಬಟ್ಟೆಯ ನಾಚಿಕೆಯಿಂದ ಅದೇ ಕೋಣೆಯ ಮರೆಯ ಹಿಂದೆ ತಟ್ಟೆಯನ್ನಿಟ್ಟುಕೊಂಡು ಕುಳಿತಿದ್ದ.

ಸ್ಯಾವೇಜನ ಪುಸ್ತಕವಾದಮೇಲೆ ಬಂದ ಕಾಲ ನಮ್ಮ ವಿಷಯಕ್ಕೆ ಮುಖ್ಯವಾದುದು. 1744ರಿಂದ 1746ರವರೆಗೆ ಕೈಯಲ್ಲಿ ಹೇಳಿಕೊಳ್ಳುವಂಥ ಕೆಲಸವಿಲ್ಲ. ಆಗ ಅವನು ಯಾರೂ ಕೇಳದಿದ್ದರೂ ‘ಮ್ಯಾಕ್‌ಬೆತ್’ ನಾಟಕದ ಮೇಲೆ ಟಿಪ್ಪಣಿಗಳನ್ನು ಬರೆದು, 1745ರಲ್ಲಿ ಒಂದು ಚಿಕ್ಕ ಹೊತ್ತಗೆಯಾಗಿ ಹೊರತಂದ. ಜೊತೆಗೆ, ಷೇಕ್ಸ್‌ಪಿಯರನ ಎಲ್ಲ ನಾಟಕಗಳನ್ನೂ ಇದೇ ರೀತಿ ಸಂಪಾದಿಸಿ ಕೊಡುವೆನೆಂಬ ಸೂಚನಾಪತ್ರ. ಅಂದರೆ ಇದು ಮಾದರಿ, ಅಂಗಡಿಯ ಮುಂದೆ ತೂಗುಹಾಕಿದ ಒಂದು ಸೀರೆ. ಗಿರಾಕಿ ಬರುವ ಮೊದಲೇ ವ್ಯಾಜ್ಯ ಬಂದಿತು. ಷೇಕ್ಸ್‌ಪಿಯರನ ಗ್ರಂಥಸ್ವಾಮ್ಯ ತನ್ನದೆಂದು ಟಾನ್ಸನ್ ಎಂಬ ಪ್ರಬಲ ಪ್ರಕಾಶಕ ಬೆದರಿಸಿದ; ಕೆಲಸ ಅಲ್ಲಿಗೇ ನಿಂತಿತು. ಪಟ್ಟ ಶ್ರಮ ವ್ಯರ್ಥವಾಯಿತೆಂದು ಆಗ ಯಾರಾದರೂ ಹೇಳಿದ್ದರೆ ತಪ್ಪಲ್ಲ. ಆದರೆ ಈತ ದೊಡ್ಡ ಕೆಲಸಕ್ಕೆ ಹೆಗಲು ಕೊಡಬಲ್ಲನೆಂಬುದು ಪುಸ್ತಕದ ಅಂಗಡಿಯವರಿಗೆ ಕಂಡಿತ್ತು. ಮರುವರ್ಷ, 1746ರ ಜೂನ್ 18ರಂದು, ಕೆಲವು ಪ್ರಕಾಶಕರು ಒಟ್ಟುಗೂಡಿ ಇಂಗ್ಲಿಷ್ ನಿಘಂಟಿಗಾಗಿ ಅವನೊಡನೆ ಕರಾರು ಮಾಡಿಕೊಂಡರು. 1,500 ಗಿನಿ, ಮೂರು ವರ್ಷದ ಗಡುವು. ನಕಲುಗಾರರ ಸಂಬಳವೂ ಕಾಗದದ ಖರ್ಚೂ ಆ ಹಣದಲ್ಲಿಯೇ.

ಫ್ಲೀಟ್ ಬೀದಿಯ ಹಿಂದೆ, ಗಫ್ ಸ್ಕ್ವೇರಿನಲ್ಲಿ ಒಂದು ಮನೆಯನ್ನು ಹಿಡಿದ. ಅದರ ಅಟ್ಟದಲ್ಲಿ ಆರು ಮಂದಿ ನಕಲುಗಾರರು, ಐವರು ಸ್ಕಾಟ್ಲೆಂಡಿನವರು. (ಸ್ಕಾಟರನ್ನು ಜಾನ್ಸನ್ನನು ಗೇಲಿಮಾಡುತ್ತಿದ್ದುದು ಲೋಕಪ್ರಸಿದ್ಧ; ಅನ್ನ ಕೊಟ್ಟದ್ದೂ ಅವರಿಗೇ ಎಂಬುದನ್ನು ಮರೆಯುತ್ತೇವೆ.) ಕೆಲಸದ ಕ್ರಮ ಹೀಗೆ: ಜಾನ್ಸನ್ನನು ಒಳ್ಳೆಯ ಗ್ರಂಥಕಾರರನ್ನು ಓದುತ್ತ, ಬೇಕಾದ ಪದದ ಕೆಳಗೆ ಸೀಸದ ಕಡ್ಡಿಯಿಂದ ಗೆರೆ ಎಳೆದು, ಅಂಚಿನಲ್ಲಿ ಅದರ ಮೊದಲಕ್ಷರವನ್ನು ಬರೆಯುವನು. ನಕಲುಗಾರರು ಆ ವಾಕ್ಯವನ್ನು ಚೀಟಿಗೆ ಇಳಿಸಿ ಅಕಾರಾದಿಯಲ್ಲಿ ಜೋಡಿಸುವರು. ನಮ್ಮ ಕಿಟ್ಟೆಲ್ಲರು 1894ರ ತಮ್ಮ ಕೋಶದಲ್ಲಿ ಕಾವ್ಯಗಳಿಂದಲೂ ಗಾದೆಗಳಿಂದಲೂ ಉದಾಹರಣೆಗಳನ್ನು ಕೊಟ್ಟಿರುವುದನ್ನು ಬಲ್ಲ ಕನ್ನಡ ಓದುಗರಿಗೆ, ಮಾತಿನ ಅರ್ಥಕ್ಕೆ ಪ್ರಯೋಗವೇ ಸಾಕ್ಷಿಯೆಂಬ ಈ ನಿಲುವು ಹೊಸದೆನಿಸಲಾರದು. ಗೆಳೆಯರಿಂದ ಎರವಲು ತಂದ ಪುಸ್ತಕಗಳು ಹಿಂದಿರುಗಿದಾಗ ಇದ್ದ ಸ್ಥಿತಿಯನ್ನು ಮಾತ್ರ ಕೇಳಬಾರದು. ಜಾನ್ಸನ್ನನು ಕೂರುತ್ತಿದ್ದ ಕುರ್ಚಿಗೆ ಮೂರೇ ಕಾಲು, ಒಂದೇ ತೋಳು. ಬಂದವರಿಗೆ ಕುರ್ಚಿಯ ಊನ ತಿಳಿಯದಂತೆ ಗೋಡೆಗೆ ಒರಗಿಸಿ ನಿಲ್ಲಿಸುವುದರಲ್ಲಿ ಅವನು ನಿಪುಣ.

ಮೂರು ವರ್ಷ ಕಳೆದುವು. ನಿಘಂಟು ಮುಗಿಯುವ ಲಕ್ಷಣವಿಲ್ಲ. ಬರೆದ ಹಾಳೆಗಳು ಎರಡೂ ಮಗ್ಗುಲಲ್ಲಿ ತುಂಬಿದ್ದುವು. ಅಚ್ಚಿನವರಿಗೆ ಒಂದೇ ಮಗ್ಗುಲಿರಬೇಕು. ಮರಳಿ ನಕಲು ಮಾಡಿಸುವುದಕ್ಕೆ 20 ಪೌಂಡು ಹೋಯಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಕೆಲಸವಿಲ್ಲದ ದಿನ ಎಂದಾಗ ನಾವು ಒಂದೇ ಬಗೆಯನ್ನು ನೆನೆಯುತ್ತೇವೆ: ಬಾಗಿಲನ್ನು ಯಾರೂ ತಟ್ಟದ ದಿನ. ಮನೆಯಲ್ಲಿ ಕುಳಿತು ದುಡಿಯುವವನಿಗೆ ಇನ್ನೊಂದು ಬಗೆಯುಂಟು. ಕೆಲಸವಿದೆ, ಮುಂಗಡವನ್ನು ಪಡೆದು ತಿಂದಾಗಿದೆ, ಕೈ ಮಾತ್ರ ಏಳದು. ಮೊದಲನೆಯದು ಹೊಟ್ಟೆಯ ಕಷ್ಟ, ಎರಡನೆಯದು ಮನಸ್ಸಿನದು. ಜಾನ್ಸನ್ನನಿಗೆ ಎರಡನೆಯದರ ಕಾಟವೇ ಹೆಚ್ಚಾಗಿತ್ತೆಂದು ನನಗೆ ತೋರುತ್ತದೆ.

ಆಗ ಅವನು ಮಾಡಿದುದು ವಿಚಿತ್ರವಾಗಿದೆ. ಇರುವ ಕೆಲಸವೇ ಸಾಗದಿದ್ದಾಗ ಇನ್ನೊಂದನ್ನು ಹೊತ್ತುಕೊಂಡ. 1750ರ ಮಾರ್ಚ್ 20ರಿಂದ ‘ರ‍್ಯಾಂಬ್ಲರ್’ ಎಂಬ ಪತ್ರಿಕೆ. ಮಂಗಳವಾರಕ್ಕೊಂದು, ಶನಿವಾರಕ್ಕೊಂದು ಪ್ರಬಂಧ. ಪ್ರಬಂಧಕ್ಕೆ 2 ಗಿನಿ. ಎರಡು ವರ್ಷ, 208 ಸಂಚಿಕೆ, ಒಂದೂ ತಪ್ಪಲಿಲ್ಲ. ನಾಲ್ಕೈದನ್ನು ಬಿಟ್ಟರೆ ಎಲ್ಲವೂ ಅವನದೇ. ಹಾಸಿಗೆ ಬಿಡಲಾರದ ಸೋಮಾರಿಗೆ ಇದು ಹೇಗೆ ಸಾಧ್ಯವಾಯಿತು? ಅಚ್ಚುಕೂಟದ ಹುಡುಗ ಬಾಗಿಲಲ್ಲಿ ನಿಂತಿರುತ್ತಿದ್ದ, ಅದರಿಂದ! ಬರೆದ ಹಾಳೆಯನ್ನು ತಿರುಗಿ ಓದದೆ ಅವನ ಕೈಗೆ ಕೊಡುತ್ತಿದ್ದುದೂ ಉಂಟು. ಆಲಸ್ಯದ ಮೇಲೆ, ನಾಳೆಗೆ ಮುಂದೂಡುವ ಚಟದ ಮೇಲೆ ಅವನು ಬರೆದ 134ನೆಯ ಸಂಚಿಕೆಯನ್ನು, ಚಿತ್ರಕಾರ ರೆನಾಲ್ಡ್ಸನ ಮನೆಯ ಹಜಾರದಲ್ಲಿ ಹುಡುಗನನ್ನು ಕಾಯಿಸಿಕೊಂಡೇ ಬರೆದನೆಂದು ಮಿಸೆಸ್ ಥ್ರೇಲ್ ಹೇಳುತ್ತಾಳೆ. ಕಥೆ ಚೆನ್ನಾಗಿದೆ, ದುರದೃಷ್ಟವಶಾತ್ ಅದು ಪ್ರಕಟವಾದ 1751ರಲ್ಲಿ ರೆನಾಲ್ಡ್ಸ್ ಇಟಲಿಯಲ್ಲಿದ್ದ. ಹಜಾರ ಯಾರದಾದರೇನು, ಹುಡುಗ ಕಾದಿರುವುದು ಸುಳ್ಳಾಗಿರಲಾರದು.

ಒಂದಂಶವನ್ನು ಗಮನಿಸಬೇಕು. ನಿಘಂಟಿಗೂ ಮುಂದೆ ಷೇಕ್ಸ್‌ಪಿಯರನಿಗೂ ಹಣ ಮೊದಲೇ ಬಂದಿತ್ತು. ಎರಡೂ ವರ್ಷಗಟ್ಟಲೆ ತಡವಾದುವು. ಪ್ರಬಂಧಗಳಿಗೆ ಕೂಲಿ ಅಂದಂದಿನದು, ಒಂದೂ ತಡವಾಗಲಿಲ್ಲ. ಹಣವಿಲ್ಲದೆ ಬರೆಯುವವನು ದಡ್ಡನೆಂಬರ್ಥದ ಅವನ ಮಾತನ್ನು ಹಲವರು ಲೋಭವೆಂದು ತಿಳಿದಿದ್ದಾರೆ. ತನ್ನ ರೋಗವನ್ನು ತಾನೇ ಬಲ್ಲವನ ಮಾತೆಂದು ನಾನು ತಿಳಿಯುತ್ತೇನೆ.

‘ರ‍್ಯಾಂಬ್ಲರ್’ನ ಕೊನೆಯ ಸಂಚಿಕೆ ಹೊರಬಿದ್ದುದು 1752ರ ಮಾರ್ಚ್ 14ರಂದು. ಮೂರು ದಿನಕ್ಕೆ ಹೆಂಡತಿ ತೀರಿಕೊಂಡಳು. ಆ ಮನೆ ಬರಿದಾಯಿತು; ಬರಿದಾದ ಮನೆಯಲ್ಲಿ ಒಬ್ಬನೇ ಇರಲಾರದೆ ದಿಕ್ಕಿಲ್ಲದವರನ್ನೆಲ್ಲ ತುಂಬಿಕೊಂಡ. ಕಣ್ಣು ಕಾಣದ ಕವಯಿತ್ರಿ ಆನ್ನಾ ವಿಲಿಯಮ್ಸ್, ಬಡವರಿಗೆ ಮದ್ದು ಕೊಡುತ್ತಿದ್ದ ಲೆವೆಟ್, ಜಮೈಕದ ಗುಲಾಮಗಿರಿಯಿಂದ ಬಂದ ಬಾಲಕ ಫ್ರಾನ್ಸಿಸ್ ಬಾರ್ಬರ್. ಅವರವರಲ್ಲಿ ಜಗಳ, ಎಲ್ಲರ ಕೈಗೂ ಚಹಾ. ಒಂಟಿತನ, ಬರಿಗೈ ಇವೆರಡೂ ಒಟ್ಟಿಗೆ ಸೇರಗೊಡಬಾರದೆಂದು ಮುಪ್ಪಿನಲ್ಲಿ ಅವನು ಬಾಸ್ವೆಲ್ಲನಿಗೆ ಪತ್ರ ಬರೆದ. ಯಾವುದಾದರೊಂದು ಇದ್ದಾಗ ಇನ್ನೊಂದನ್ನು ಹತ್ತಿರ ಬಿಟ್ಟುಕೊಳ್ಳಬೇಡವೆಂದು. ಗಫ್ ಸ್ಕ್ವೇರಿನ ಗಲಾಟೆಯ ಅರ್ಥ ಇದೇ ಇರಬೇಕು.

ನಿಘಂಟು 1755ರ ಏಪ್ರಿಲ್ 15ರಂದು ಹೊರಬಂದಿತು. ಎರಡು ಭಾರೀ ಸಂಪುಟಗಳು, ನಾಲ್ವತ್ತೆರಡು ಸಾವಿರಕ್ಕೆ ಮೇಲ್ಪಟ್ಟು ಪದಗಳು, ಲಕ್ಷವನ್ನು ಮೀರಿದ ಉದಾಹರಣೆಗಳು. ಚೆಸ್ಟರ್‌ಫೀಲ್ಡ್ ಪ್ರಭುವಿಗೆ ಬರೆದ ಕಾಗದದ ಕಥೆಯನ್ನು ಎಲ್ಲರೂ ಬಲ್ಲರು, ಇಲ್ಲಿ ಬೇಡ. ನಮಗೆ ಬೇಕಾದುದು ಅನಂತರದ ಲೆಕ್ಕ. ಲೆಕ್ಕ ಮಾಡಿ ನೋಡಿದಾಗ ಅವನು ಕರಾರಿಗಿಂತ ಹೆಚ್ಚನ್ನೇ ಆಗಲೇ ತೆಗೆದುಕೊಂಡಿದ್ದ. ದೇಶವೆಲ್ಲ ಹೊಗಳುತ್ತಿರುವಾಗ, 1756ರ ಮಾರ್ಚಿಯಲ್ಲಿ, 5 ಪೌಂಡು 18 ಷಿಲಿಂಗಿನ ಸಾಲಕ್ಕಾಗಿ ಅವನನ್ನು ಹಿಡಿದರು. ಕಾದಂಬರಿಕಾರ ರಿಚರ್ಡ್‌ಸನ್ 6 ಗಿನಿ ಕಳಿಸಿ ಬಿಡಿಸಿದ.

ಅಲ್ಲಿಂದ ಆರು ವರ್ಷ ಅವನ ಬಾಳಿನಲ್ಲಿ ಅತ್ಯಂತ ಮಂಕಾದ ಕಾಲ. ಬೇರೆಯವರ ಪುಸ್ತಕಗಳಿಗೆ ಮುನ್ನುಡಿ, ಅರ್ಪಣೆ, ಗೆಳೆಯ ಪಾದ್ರಿಗಳಿಗೆ ಧರ್ಮೋಪದೇಶ, ಯಾವುದಕ್ಕೂ ಒಲ್ಲೆನೆನ್ನಲಿಲ್ಲ. ರೋಲ್ಟ್ ಎಂಬಾತನ ವ್ಯಾಪಾರ ನಿಘಂಟಿಗೆ ಮುನ್ನುಡಿ ಬರೆದ. ರೋಲ್ಟನನ್ನು ಕಂಡಿರಲಿಲ್ಲ, ಅವನ ಪುಸ್ತಕವನ್ನು ಓದಿಯೂ ಇರಲಿಲ್ಲ. ಅಂಥ ಪುಸ್ತಕ ಹೇಗಿರಬೇಕೆಂಬುದು ತನಗೆ ಗೊತ್ತಿತ್ತು, ಹಾಗೆಯೇ ಬರೆದೆ, ಎಂದ. (ನಮ್ಮಲ್ಲಿ ಮುನ್ನುಡಿ ಬರೆಯುವ ಹಿರಿಯರು ಇದನ್ನು ಓದಿ ಸಮಾಧಾನಗೊಳ್ಳಬಹುದು.) 1758ರಲ್ಲಿ ಮತ್ತೆ ಒಂದು ವಾರದ ಪ್ರಬಂಧಮಾಲೆಯನ್ನು ಆರಂಭಿಸಿದ. ಅದಕ್ಕೆ ಅವನಿಟ್ಟ ಹೆಸರು ‘ಐಡ್ಲರ್’, ಸೋಮಾರಿ. ಒಮ್ಮೆ ಆಕ್ಸ್‌ಫರ್ಡಿನಲ್ಲಿದ್ದಾಗ ಟಪ್ಪಾಲು ಹೊರಡಲು ಎಷ್ಟು ಹೊತ್ತಿದೆಯೆಂದು ಕೇಳಿದ. ಅರ್ಧ ಗಂಟೆಯೆಂದರು. ಹಾಗಾದರೆ ಸಾಕೆಂದು ಕುಳಿತು ಒಂದು ಸಂಚಿಕೆಯನ್ನು ಬರೆದು ಮಡಿಸಿದ. ಗೆಳೆಯ ಲ್ಯಾಂಗ್ಟನ್ ಓದಲು ಕೈ ಚಾಚಿದರೆ ಕೊಡಲಿಲ್ಲ.

ಆದರೆ ಅದೇ ವೇಳೆಯಲ್ಲಿ ಷೇಕ್ಸ್‌ಪಿಯರ್ ಬಿದ್ದಿತ್ತು. 1756ರಲ್ಲಿ ಚಂದಾ ಎತ್ತಿ, 1757ರ ಕ್ರಿಸ್‌ಮಸ್ಸಿನ ಹೊತ್ತಿಗೆ ಎಂಟು ಸಂಪುಟಗಳನ್ನು ಕೊಡುವೆನೆಂದಿದ್ದ. ಹಣ ಖರ್ಚಾಯಿತು. ಚಂದಾದಾರರ ಪಟ್ಟಿಯೂ ಕಳೆದುಹೋಯಿತು. ಚರ್ಚಿಲ್ ಎಂಬ ಕವಿ 1762ರಲ್ಲಿ ಪದ್ಯ ಬರೆದು ಮಾನ ಕಳೆದ. ಪುಸ್ತಕ ಬಂದದ್ದು 1765ರಲ್ಲಿ. ಇದನ್ನು ನಾನು ಮುಚ್ಚಿಡಲಾರೆ. ದೊಡ್ಡವರ ಸೋಮಾರಿತನವನ್ನು ‘ಒಳಗೊಳಗೇ ಚಿಂತನೆ’ ಎಂದು ಬಣ್ಣಿಸುವ ಒಂದು ಚಾಳಿ ನಮ್ಮ ವಿಮರ್ಶಕರಲ್ಲಿದೆ. ಹಣ ಕೊಟ್ಟು ಎಂಟು ಒಂಬತ್ತು ವರ್ಷ ಕಾದ ಗೃಹಸ್ಥನಿಗೆ ಆ ಬಣ್ಣನೆಯಿಂದ ಏನು ಸಿಕ್ಕೀತು? ಜಾನ್ಸನ್ನನೇ ತನ್ನನ್ನು ಹಾಗೆ ಸಮರ್ಥಿಸಿಕೊಳ್ಳಲಿಲ್ಲ. ಅವನ ಖಾಸಗಿ ಪ್ರಾರ್ಥನೆಗಳ ಪುಸ್ತಕದಲ್ಲಿ ಈಸ್ಟರಿಗೊಂದು, ಹುಟ್ಟುಹಬ್ಬಕ್ಕೊಂದು ಸಂಕಲ್ಪವಿದೆ: ಬೆಳಿಗ್ಗೆ ಬೇಗ ಏಳಬೇಕು, ಹೊತ್ತನ್ನು ಕಳೆಯಬಾರದು. ಆರು ಗಂಟೆಗೆ ಏಳುವ ಸಂಕಲ್ಪ ಮುರಿದು ಎಂಟಕ್ಕೆ ಇಳಿಯುತ್ತದೆ, ಅದೂ ಮುರಿಯುತ್ತದೆ. 1764ರಲ್ಲಿ, ಐವತ್ತೈದನೆಯ ಹುಟ್ಟುಹಬ್ಬದಂದು, ಈವರೆಗಿನ ಆಯುಸ್ಸನ್ನೆಲ್ಲ ಸಂಕಲ್ಪ ಮಾಡುವುದರಲ್ಲಿಯೇ ಕಳೆದೆನೆಂದು ಬರೆದುಕೊಂಡ. ನನ್ನ ಗೋಡೆಯ ಮೇಲಿನ ಕೆಂಪು ಮಸಿಯ ಪಟ್ಟಿಗೆ ಇಷ್ಟು ದೊಡ್ಡ ವಂಶವಿದೆಯೆಂದು ನನಗೆ ಆಗ ತಿಳಿದಿರಲಿಲ್ಲ.

ಈ ಮಂಕುಕಾಲದ ನಡುವೆ, 1759ರ ಜನವರಿಯಲ್ಲಿ, ಲಿಚ್‌ಫೀಲ್ಡಿನಿಂದ ತಾಯಿಗೆ ಕಾಯಿಲೆಯೆಂದು ಸುದ್ದಿ ಬಂದಿತು. ವಯಸ್ಸು ತೊಂಬತ್ತರ ಸಮೀಪ. ಮಗ ಅವಳನ್ನು ನೋಡಿ ಸುಮಾರು ಇಪ್ಪತ್ತು ವರ್ಷವಾಗಿತ್ತು. ಕೈಯಲ್ಲಿ ಹಣವಿಲ್ಲ. ಒಂದು ವಾರದ ಸಂಜೆಗಳಲ್ಲಿ ಕುಳಿತು ಒಂದು ಕಥೆಯನ್ನು ಬರೆದು ಮುಗಿಸಿದ. ಅವಳ ಉತ್ತರಕ್ರಿಯೆಗೂ ಅವಳು ಉಳಿಸಿದ ಚಿಲ್ಲರೆ ಸಾಲಕ್ಕೂ. ಪ್ರಕಾಶಕರು 100 ಪೌಂಡು ಕೊಟ್ಟರು, ಎರಡನೆಯ ಮುದ್ರಣಕ್ಕೆ ಇನ್ನೂ 25. ಊರಿಗೆ ಹೋಗುವಷ್ಟರಲ್ಲಿ ತಾಯಿ ಇರಲಿಲ್ಲ. ಅವನು ಹೋಗಲೂ ಇಲ್ಲ. ಆ ಕಥೆಯೇ ‘ರಾಸೆಲಾಸ್’. ಕಥಾನಾಯಕ ಅಬಿಸೀನಿಯದ ರಾಜಕುಮಾರ. ಅಬಿಸೀನಿಯ! ಇಪ್ಪತ್ತಾರು ವರ್ಷಗಳ ಹಿಂದೆ, ಬರ್ಮಿಂಗ್‌ಹ್ಯಾಮಿನ ಒಂದು ಹಾಸಿಗೆಯಲ್ಲಿ ಮಲಗಿ, ಅಚ್ಚಿನವನ ಹೆಂಡತಿ ಮಕ್ಕಳ ಮುಖ ನೋಡಿ, 5 ಗಿನಿಗಾಗಿ ಬಾಯಲ್ಲಿ ಹೇಳಿ ಬರೆಸಿದ ದೇಶ. ಏಳು ಸಂಜೆಗಳಲ್ಲಿ ಹೊಸ ದೇಶವನ್ನು ಕಲಿಯಲು ಬಿಡುವೆಲ್ಲಿತ್ತು?

ಅದೇ ವರ್ಷ ಮಾರ್ಚಿಯಲ್ಲಿ ಬಾಡಿಗೆ ಕಟ್ಟಲಾರದೆ ಗಫ್ ಸ್ಕ್ವೇರಿನ ಮನೆಯನ್ನು ಬಿಟ್ಟು ಕಿರಿದಾದ ಕೋಣೆಗಳಿಗೆ ಹೋದ. 1762ರಲ್ಲಿ ದೊರೆ ಮೂರನೆಯ ಜಾರ್ಜನು ವರ್ಷಕ್ಕೆ 300 ಪೌಂಡು ವಿಶ್ರಾಂತಿವೇತನವನ್ನು ಗೊತ್ತುಮಾಡಿದ. ಆ ಪದಕ್ಕೆ ತನ್ನ ನಿಘಂಟಿನಲ್ಲಿ ಕೊಟ್ಟಿದ್ದ ಅರ್ಥ ಅಷ್ಟೇನೂ ಮರ್ಯಾದೆಯದಾಗಿರಲಿಲ್ಲ, ಆದರೂ ಸ್ವೀಕರಿಸಿದ. ಹೊಟ್ಟೆಯ ಕಷ್ಟ ಕಳೆಯಿತು. ಬರೆಹ ಇನ್ನಷ್ಟು ಕಡಿಮೆಯಾಯಿತು.

ಹಾಗೆಂದು ಸುಮ್ಮನೆ ಕೂರುವ ಶಕ್ತಿ ಅವನಿಗೆ ಕೊನೆಯವರೆಗೂ ಬರಲಿಲ್ಲ. ಮನಸ್ಸು ಕೆಟ್ಟಾಗ ಲೆಕ್ಕ ಮಾಡುವನು. ಒಂದು ದಿನ ಕೋಣೆಯಲ್ಲಿಯೇ ಇದ್ದವನನ್ನು ಏನು ಮಾಡಿದಿರೆಂದು ಮಿಸೆಸ್ ಥ್ರೇಲ್ ಕೇಳಿದಾಗ, ಇಂಗ್ಲೆಂಡಿನ ರಾಷ್ಟ್ರಸಾಲವನ್ನು ಬೆಳ್ಳಿಯಾಗಿ ಮಾಡಿದರೆ ಭೂಮಿಗೆಲ್ಲ ಒಂದು ಸುತ್ತು ಪಟ್ಟಿ ಹಾಕಬಹುದೆಂಬ ಲೆಕ್ಕವನ್ನು ತೋರಿಸಿದ. ರಸಾಯನದ ಪ್ರಯೋಗಕ್ಕೆ ಒಲೆ ಹೂಡುತ್ತಿದ್ದ. ಮನೆಗೆ ಬೆಂಕಿ ಬಿದ್ದೀತೆಂದು ಥ್ರೇಲ್ ಅದನ್ನು ನಿಲ್ಲಿಸಿದ. ತೋಳಿನ ಕೂದಲನ್ನು ಬೋಳಿಸಿ, ಮತ್ತೆ ಬೆಳೆಯಲು ಎಷ್ಟು ದಿನ ಬೇಕೆಂದು ತಾರೀಖು ಹಾಕಿಟ್ಟ. 1783ರಲ್ಲಿ, ಸಾಯುವ ಹಿಂದಿನ ವರ್ಷ, ದ್ರಾಕ್ಷಿಯ ಬಳ್ಳಿಯಿಂದ 41 ಎಲೆಗಳನ್ನು ಕೊಯ್ದು, ತೂಗಿ, ಒಣಗಿದಮೇಲೆ ಎಷ್ಟು ಕಡಿಮೆಯಾಗುವುದೋ ನೋಡೋಣವೆಂದು ಪುಸ್ತಕದ ಕಪಾಟಿನ ಮೇಲೆ ಹರಡಿದ. ಇಷ್ಟರ ನಡುವೆ, ಅರುವತ್ತೇಳನೆಯ ವಯಸ್ಸಿನಲ್ಲಿ ಪ್ರಕಾಶಕರು ಬಂದು ಕವಿಗಳ ಕೃತಿಮಾಲೆಗೆ ಚಿಕ್ಕ ಚಿಕ್ಕ ಮುನ್ನುಡಿಗಳನ್ನು ಕೇಳಿದಾಗ ಕೇವಲ 200 ಗಿನಿಗೆ ಒಪ್ಪಿಕೊಂಡ. ಚಿಕ್ಕ ಮುನ್ನುಡಿಗಳು ಬೆಳೆದು 1779ರಿಂದ 1781ರೊಳಗೆ ‘ಕವಿಗಳ ಜೀವನಚರಿತ್ರೆ’ಗಳಾದುವು. ಅವನ ಪುಸ್ತಕಗಳಲ್ಲಿ ನಾನು ಮತ್ತೆ ಮತ್ತೆ ಓದುವುದು ಅದನ್ನೇ.

ಗಿರಣಿಯ ಲೆಕ್ಕದ ಕೆಲಸವನ್ನು ಒಪ್ಪಿಕೊಳ್ಳಬೇಕೆ ಬೇಡವೆ ಎಂದು ಆ ಹುಡುಗ ನನ್ನನ್ನು ನೇರವಾಗಿ ಕೇಳಲಿಲ್ಲ; ಕೇಳಿದ್ದರೂ ಹೇಳುವ ಧೈರ್ಯ ನನಗಿಲ್ಲ. ಮನೆಯಲ್ಲಿ ಹಸುಗೂಸಿದೆ. ಜಾನ್ಸನ್ನನಿಗೆ ಮಕ್ಕಳಿರಲಿಲ್ಲ. ಆದರೆ ಅವನಿಗೆ ನಾನು ಕೊಟ್ಟ ಜಾನ್ಸನ್ ತಪ್ಪು ಎಂಬುದನ್ನಾದರೂ ತಿಳಿಸಬೇಕು. ಶನಿವಾರ ಮತ್ತೆ ಬಾ ಎಂದು ಫೋನು ಮಾಡಿದ್ದೇನೆ. ಕರಡು ತಿದ್ದಬೇಕಾದ ನನ್ನದೊಂದು ಪುಸ್ತಕವಿದೆ, 212 ಪುಟ. ಪುಟಕ್ಕಿಷ್ಟೆಂದು, ಪ್ರತಿ ವಾರ ಮೂವತ್ತು ಪುಟ ತಂದು ಒಪ್ಪಿಸಿದ ದಿನವೇ ಹಣ ಕೊಡುವೆನೆಂದು ಹೇಳುವವನಿದ್ದೇನೆ. ಬಿಸ್ಕತ್ತಿನ ಡಬ್ಬಿಯನ್ನೂ ಮೇಜಿನ ಮೇಲೆ ತೆಗೆದಿಟ್ಟಿದ್ದೇನೆ.